ಠಾಣೆಯ ಬಾಗಿಲಲ್ಲಿ ಕೇಳಬೇಕಾದ ಕಾಗದ

2025ರ ಏಪ್ರಿಲ್ 1ರಂದು ಮಡಿಕೇರಿಯ ಒಂದು ಹೋಟೆಲಿನಲ್ಲಿ ಕೂತಿದ್ದ ಹೆಂಗಸೊಬ್ಬರನ್ನು ಪರಿಚಯದವರು ಗುರುತು ಹಿಡಿದರು. ಪೊಲೀಸ್ ದಾಖಲೆಯ ಪ್ರಕಾರ ಆಕೆ ಸತ್ತು ವರ್ಷಗಳೇ ಆಗಿದ್ದವು. ಆಕೆಯನ್ನು ಕೊಂದ ಆರೋಪ ಹೊತ್ತ ಗಂಡ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿ ಕಳೆದು, ಜಾಮೀನಿನ ಮೇಲೆ ಹೊರಗೆ ಬಂದಿದ್ದರು.

ಅವರು ಕುಶಾಲನಗರದ ಕಡೆಯ ಗಿರಿಜನ ಕೂಲಿ ಕಾರ್ಮಿಕರು. ಹೆಂಡತಿ ಕಾಣೆಯಾದಾಗ ಠಾಣೆಗೆ ಹೋಗಿ ದೂರು ಕೊಟ್ಟವರೂ ಅವರೇ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ ಎಂದು ತೀರ್ಮಾನವಾಯಿತು. ಡಿಎನ್‌ಎ ವರದಿ ಕೈಸೇರುವ ಮೊದಲೇ ದೋಷಾರೋಪ ಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ವರದಿ ಬಂದಾಗ ಆ ಎಲುಬುಗಳು ಆಕೆಯದಲ್ಲ ಎಂದು ಗೊತ್ತಾದರೂ ವಿಚಾರಣೆ ನಿಲ್ಲಲಿಲ್ಲ. ಕೊನೆಗೆ ಆಕೆಯೇ ಜೀವಂತ ಬಂದು ನ್ಯಾಯಾಧೀಶರ ಮುಂದೆ ನಿಲ್ಲಬೇಕಾಯಿತು. ಏಪ್ರಿಲ್ ತಿಂಗಳಲ್ಲೇ ಮೈಸೂರಿನ ಸೆಷನ್ಸ್ ನ್ಯಾಯಾಲಯ ಗಂಡನನ್ನು ಖುಲಾಸೆ ಮಾಡಿ, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಜೈಲಿನ ದಿನಗಳಿಗೆ ಅದನ್ನು ಹಂಚಿದರೆ ದಿನಕ್ಕೆ ಇನ್ನೂರು ರೂಪಾಯಿಯೂ ಬರುವುದಿಲ್ಲ. ಕಾಫಿ ಕುಯ್ಯಲು ಹೋಗಿದ್ದರೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಈ ಲೆಕ್ಕ ಹಾಕುವಾಗ ನನಗೆ ಸಂಕಟವಾಗುತ್ತದೆ.

ಸರ್ಕಾರಕ್ಕೆ ಮನುಷ್ಯನನ್ನು ಹಿಡಿದಿಡುವ ಅಧಿಕಾರ ಇದೆ. ಆದರೆ ಕಾನೂನು ಹಾಕಿಕೊಟ್ಟ ಕ್ರಮದಲ್ಲಿ ಮಾತ್ರ ಅದನ್ನು ಮಾಡಬಹುದು ಎಂದು ಸಂವಿಧಾನದ 21ನೇ ವಿಧಿ ಹೇಳುತ್ತದೆ. ಆ ಕ್ರಮದ ಒಂದೊಂದು ಹೆಜ್ಜೆಗೂ ಒಂದೊಂದು ಕಾಗದ ಹುಟ್ಟಬೇಕು. ಯಾವ ಕಾಗದ, ಯಾವಾಗ ಕೇಳಬೇಕು ಎಂಬುದು ವಕೀಲರಿಗೆ ಗೊತ್ತು. ಆದಿವಾಸಿಗಳ ಹಾಡಿಯಲ್ಲಿ, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇರುವವರಿಗೆ ಅದು ಇನ್ನೂ ಹೆಚ್ಚಾಗಿ ಗೊತ್ತಿರಬೇಕು.

ಸಾಮಾನ್ಯವಾಗಿ ಎಲ್ಲವೂ ಶುರುವಾಗುವುದು ಒಂದು ಮಾತಿನಿಂದ: “ಸಾಹೇಬ್ರು ಕರೀತಿದ್ದಾರೆ, ಸುಮ್ನೆ ಒಂದ್ಸಲ ಸ್ಟೇಷನ್‌ಗೆ ಬಂದು ಹೋಗು.” ಆಗ ಕೇಳಬೇಕಾದ ಪ್ರಶ್ನೆ ಒಂದೇ: ಸಾಕ್ಷಿ ಎಂದು ಕರೆಯುತ್ತಿದ್ದೀರೋ, ಆರೋಪಿ ಎಂದೋ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಂತೆ ಸಾಕ್ಷಿಯನ್ನು ಕರೆಯಲು ಲಿಖಿತ ಆದೇಶ ಬೇಕು. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರಿದ್ದ ಮನೆಗೇ ಪೊಲೀಸರು ಬರಬೇಕು. ಆರೋಪಿಯೇ ಆಗಿದ್ದು, ಅಪರಾಧಕ್ಕೆ ಏಳು ವರ್ಷದವರೆಗಿನ ಶಿಕ್ಷೆಯಷ್ಟೇ ಇದ್ದರೆ, ಮೊದಲು ಅದೇ ಸಂಹಿತೆಯ 35(3)ನೇ ಕಲಮಿನ ನೋಟಿಸು ಕೊಡುವುದೇ ರೂಢಿಯಾಗಬೇಕು. ನೋಟಿಸಿನಂತೆ ಹಾಜರಾಗುತ್ತಿರುವವರನ್ನು ಬಂಧಿಸಬೇಕಾದರೆ ಅಧಿಕಾರಿ ಕಾರಣ ಬರೆದಿಡಬೇಕು. ಕೊಲೆಯಂಥ ಪ್ರಕರಣಕ್ಕೆ ಈ ರಕ್ಷಣೆ ಇಲ್ಲ. ಆದರೆ ಮುಂದೆ ಹೇಳುವುದೆಲ್ಲ ಎಲ್ಲ ಪ್ರಕರಣಕ್ಕೂ ಅನ್ವಯಿಸುತ್ತದೆ.

ಬಂಧಿಸಿದರೆ ಅಲ್ಲೇ ಬಂಧನದ ಜ್ಞಾಪನ ಪತ್ರ ತಯಾರಾಗಬೇಕು. ಅದರಲ್ಲಿ ನಾನು ಮೊದಲು ನೋಡುವುದು ವೇಳೆ. ರಾತ್ರಿ ಹತ್ತಕ್ಕೆ ಜೀಪು ಹತ್ತಿಸಿಕೊಂಡು ಹೋದವರ ಪತ್ರದಲ್ಲಿ ಮರುದಿನ ಮಧ್ಯಾಹ್ನದ ವೇಳೆ ಬರೆದರೆ, ನಡುವಿನ ಅಷ್ಟೂ ಗಂಟೆ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಆ ಪತ್ರಕ್ಕೆ ಸಾಕ್ಷಿ ಸಹಿ ಹಾಕಬೇಕು, ಬಂಧಿತರ ಸಹಿಯೂ ಇರಬೇಕು. ಸಹಿ ಹಾಕುವವರು ವೇಳೆ ಸರಿಯಿದೆಯೇ ಎಂದು ಓದಿಸಿ ಕೇಳಲಿ. ತಪ್ಪಿದ್ದರೆ ಪಕ್ಕದಲ್ಲೇ ಸರಿಯಾದ ವೇಳೆ ಬರೆದು ಸಹಿ ಮಾಡಲಿ. ಅಧಿಕಾರಿಯ ಹೆಸರಿನ ಪಟ್ಟಿ ಎದೆಯ ಮೇಲೆ ಕಾಣಬೇಕು. ಕಾಣದಿದ್ದರೆ ಹೆಸರು ಕೇಳಿ. ಯಾರನ್ನು ಹಿಡಿದಿದ್ದಾರೆ ಎಂಬುದನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರಕಟಿಸಬೇಕು ಎಂದು 37ನೇ ಕಲಮು ಹೇಳುತ್ತದೆ. ಮಗ ಎಲ್ಲಿದ್ದಾನೆ ಎಂದು ತಾಯಿ ಠಾಣೆಯಿಂದ ಠಾಣೆಗೆ ಅಲೆಯುವ ಪಾಡು ಬರಬಾರದು ಎಂದೇ ಈ ನಿಯಮ.

ಬಂಧನದ ಕಾರಣ ಗೊತ್ತಾಗಬೇಕಾದದ್ದು ಬಂಧಿತರಿಗೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು: ಕಾರಣವನ್ನು ಬರಹದಲ್ಲಿ, ಅದೂ ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ತಡವೆಂದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಅದು ಕೈಸೇರಬೇಕು. ಕೊಡಗಿಗೆ ಈ ತೀರ್ಪು ಹೇಳಿ ಬರೆಸಿದಂತಿದೆ. ಇಲ್ಲಿ ಯರವರ ಮಾತು ಬೇರೆ, ಜೇನುಕುರುಬರದು ಬೇರೆ, ತೋಟಕ್ಕೆ ಬಂದ ಅಸ್ಸಾಮಿನ ಕಾರ್ಮಿಕರದು ಮತ್ತೂ ಬೇರೆ. “ನನಗೆ ಈ ಭಾಷೆ ಓದಲು ಬರುವುದಿಲ್ಲ” ಎಂದು ಮ್ಯಾಜಿಸ್ಟ್ರೇಟರಿಗೆ ಹೇಳುವುದು ನಾಚಿಕೆಯ ಮಾತಲ್ಲ.

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ ನಿಜ, ಆದರೆ ಕೊಡಗಿನ ಯಾವ ಠಾಣೆಯಿಂದಲೂ ನ್ಯಾಯಾಲಯಕ್ಕೆ ದಿನಗಟ್ಟಲೆ ದಾರಿಯಿಲ್ಲ. ಭಾನುವಾರ, ಹಬ್ಬ ಎಂಬ ನೆಪವೂ ನಡೆಯುವುದಿಲ್ಲ. ಗಡುವು ಮೀರಿಯೂ ಹಾಜರುಪಡಿಸದಿದ್ದರೆ, ಎಲ್ಲಿಟ್ಟಿದ್ದಾರೆ ಎಂದೇ ಹೇಳದಿದ್ದರೆ, ಮನೆಯವರು ಬೆಂಗಳೂರಿನ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಹಾಜರುಪಡಿಸಿದ ಆ ಎರಡು ನಿಮಿಷ ಬಹಳ ದೊಡ್ಡದು. ಹೊಡೆದಿದ್ದರೆ ಅಲ್ಲೇ ಹೇಳಬೇಕು, ಬಾಸುಂಡೆ ತೋರಿಸಬೇಕು, ಹಿಡಿದ ನಿಜವಾದ ವೇಳೆ ಹೇಳಬೇಕು. ಜೀಪಿನಲ್ಲಿ “ಬಾಯಿ ಬಿಟ್ಟರೆ ನೋಡು” ಎಂದವರು ಆ ಕೋಣೆಯಲ್ಲಿ ನ್ಯಾಯಾಧೀಶರ ಮುಂದೆ ಕೈಕಟ್ಟಿ ನಿಂತಿರುತ್ತಾರೆ.

ಸಹಿಯ ವಿಷಯದಲ್ಲಿ ನಮ್ಮ ಜನ ಮೋಸ ಹೋಗುವಷ್ಟು ಬೇರೆಲ್ಲೂ ಹೋಗುವುದಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ ಎಂದು 181ನೇ ಕಲಮಿನಲ್ಲೇ ಇದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ, ಯಾರು ಹೇಳಿದರೂ ಒತ್ತಬೇಡಿ. ಕಾಣೆಯಾದವರ ಬಗ್ಗೆ ದೂರು ಕೊಡಲು ಹೋದಾಗಲೂ ಬರೆದದ್ದನ್ನು ಓದಿಸಿ ಕೇಳಿಸಿಕೊಳ್ಳಿ. ಎಫ್‌ಐಆರ್ ಆದರೆ ದೂರುದಾರರಿಗೆ ಪ್ರತಿ ಉಚಿತ. ತೊಂಬತ್ತು ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ಅವರಿಗೆ ತಿಳಿಸುವುದೂ ಪೊಲೀಸರ ಕರ್ತವ್ಯ.

ಇದೇ ಜಿಲ್ಲೆಯಲ್ಲಿ ಸರ್ಕಾರ ಮನೆಯ ಹೊಸಿಲಲ್ಲಿ ನಿಲ್ಲುವುದನ್ನೂ ಕಲಿತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸುವ ಮನೆಯ ಗೌರವವನ್ನು ಕಾನೂನು ಗುರುತಿಸಿದ್ದು ಒಳ್ಳೆಯದೇ. ಕೋವಿಯನ್ನು ಠಾಣೆಯಲ್ಲಿಡಿ ಎಂದರೆ ಆ ಮನೆಯವರು ಯಾವ ಆದೇಶ ಎಂದು ಕೇಳುತ್ತಾರೆ, ರಸೀದಿ ಪಡೆಯುತ್ತಾರೆ. ಕೇಳಲೂ ಬೇಕು. ತೋಟದಾಚೆಯ ಹಾಡಿಯಲ್ಲಿ ಮನುಷ್ಯನನ್ನೇ ಕರೆದುಕೊಂಡು ಹೋಗುವಾಗ ರಸೀದಿ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗಲೂ ಜಿಲ್ಲೆ ಇದನ್ನೇ ಕಂಡಿತು. ಅರಣ್ಯವಾಸಿಗಳ ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಅವರನ್ನು ಒಕ್ಕಲೆಬ್ಬಿಸಬಾರದು ಎಂದು 2006ರ ಅರಣ್ಯ ಹಕ್ಕು ಕಾಯ್ದೆಯ 4(5)ರಲ್ಲಿ ಬರೆದಿದೆ. ಆ ಹಕ್ಕಿಗೆ ಅರ್ಜಿ ಹಾಕಿದವರು ಅದರ ಸ್ವೀಕೃತಿಯನ್ನು ಜೋಪಾನ ಮಾಡಿಡಬೇಕು.

ದುಡ್ಡಿಲ್ಲ, ವಕೀಲರು ಎಲ್ಲಿಂದ ಎಂಬ ಮಾತಿಗೆ ಉತ್ತರ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಅದನ್ನು ಕೊಡುವುದು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಪೊಲೀಸರ ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕನ್ನು ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮು ಕೊಟ್ಟಿದೆ. ಮ್ಯಾಜಿಸ್ಟ್ರೇಟರು ಮೊದಲು ಬಂಧನಕ್ಕೆ ಒಪ್ಪಿಸಿದ ದಿನದಿಂದ 60 ದಿನದಲ್ಲಿ, ಘೋರ ಅಪರಾಧವಾದರೆ 90 ದಿನದಲ್ಲಿ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಆದರೆ ಪಟ್ಟಿ ಬರುವ ಮೊದಲೇ ಅರ್ಜಿ ಹಾಕಬೇಕು, ಹಾಗಾಗಿ ದಿನ ಎಣಿಸುವವರು ಒಬ್ಬರು ಬೇಕು. ದೌರ್ಜನ್ಯ ನಡೆದಿದ್ದರೆ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಬೇಕು. ತಡವಾದರೆ ಅವರು ವಿಚಾರಿಸುವಂತಿಲ್ಲ.

ಕಾನೂನು ನೆರವಿನ ಸಂಖ್ಯೆ 15100. ಅದನ್ನು ಮೊಬೈಲಿನಲ್ಲಿ ಇಟ್ಟುಕೊಂಡರೆ ಸಾಲದು. ಹಿಡಿದವರು ಮೊದಲು ಕಿತ್ತುಕೊಳ್ಳುವುದು ಮೊಬೈಲನ್ನೇ. ಲೈನ್ ಮನೆಯ ಗೋಡೆಯ ಮೇಲೆ, ಒಲೆಯ ಹತ್ತಿರ, ಇದ್ದಿಲಿನಲ್ಲಾದರೂ ಸರಿ ಬರೆದಿಡಿ. ಮನೆಯಲ್ಲಿ ಉಳಿದವರ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ.