ಹಳೆಯ ಮರಗಳನ್ನೇ ನಂಬಿದ ಎರಡು ಜೀವಗಳು



ಅಮೆರಿಕದ ವಾಯವ್ಯದಲ್ಲಿರುವ ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಹಳೆಯ ಕಾಡುಗಳಲ್ಲಿ ಅಪಾಯಕ್ಕೆ ಸಿಲುಕಿದ ಎರಡು ಜೀವಿಗಳಿವೆ. ಒಂದು ಮಾರ್ಬಲ್ಡ್ ಮರ್ಲೆಟ್ ಎಂಬ ಕಡಲಹಕ್ಕಿ. ಇನ್ನೊಂದು ಬ್ರಿಡ್ಜಿಯೊಪೋರಸ್ ನೊಬಿಲಿಸಿಮಸ್ ಎಂಬ ಅಣಬೆ.

ಹಕ್ಕಿ ಕಡಲಿನ ಮೀನು ತಿಂದು ಬದುಕುತ್ತದೆ. ಮರಿ ಮಾಡಲು ಮಾತ್ರ ಹತ್ತಾರು ಕಿಲೋಮೀಟರ್ ಒಳನಾಡಿಗೆ ಹಾರಿ, ಹಳೆಯ ಮರದ ಪಾಚಿ ಹಾಸಿದ ದಪ್ಪ ಕೊಂಬೆಯ ಮೇಲೆ ಒಂದೇ ಮೊಟ್ಟೆಯಿಡುತ್ತದೆ. 1789ರಲ್ಲೇ ವಿಜ್ಞಾನಿಗಳಿಂದ ಹೆಸರು ಪಡೆದ ಈ ಹಕ್ಕಿಯ ಗೂಡು ಕ್ಯಾಲಿಫೋರ್ನಿಯದ ಮರವೊಂದರ ಮೇಲೆ ಸಿಕ್ಕಿದ್ದು 1974ರಲ್ಲಿ!

ಅಣಬೆಯೋ ಇದ್ದಲ್ಲಿಂದ ಕದಲದು. ದೊಡ್ಡ ನೋಬಲ್ ಫರ್ ಮರಗಳ ಬುಡಕ್ಕೆ ಅಂಟಿಕೊಂಡು ವರ್ಷ ವರ್ಷವೂ ಬೆಳೆಯುತ್ತದೆ. 1940ರ ದಶಕದಲ್ಲಿ ಸಿಕ್ಕಿದ ಒಂದು ನೂರು ಕಿಲೋಗೂ ಹೆಚ್ಚು ತೂಗಿತು.

ಹಕ್ಕಿಗೆ 1992ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಸರಕಾರಿ ಕಾಡಿನಲ್ಲಿ ಮರ ಕಡಿಯುವ ಮುನ್ನ ಈ ಅಣಬೆಯನ್ನು ಹುಡುಕಬೇಕೆಂದು 1994ರ ಅರಣ್ಯ ಯೋಜನೆ ವಿಧಿಸಿತು.

'ಕಡಿದ ಕಡೆ ಸಸಿ ನೆಟ್ಟರಾಯಿತಲ್ಲ?' ಎಂದು ನೀವು ಕೇಳಬಹುದು. ಸಸಿಗೆ ಅಂಥ ಕೊಂಬೆ, ಅಂಥ ಬುಡ ಬರಲು ನೂರಾರು ವರ್ಷ ಬೇಕು. ಅಲ್ಲಿಯವರೆಗೆ ಇವೆರಡೂ ಎಲ್ಲಿರಬೇಕು? ನೆಡುವುದು ಒಳ್ಳೆಯದು; ಇರುವುದನ್ನು ಉಳಿಸುವುದು ಅದಕ್ಕಿಂತ ಮೊದಲಿನ ಕರ್ತವ್ಯ. ಹಾರುವ ಹಕ್ಕಿಗೆ ಮರುಗುವ ನಾವು ಬುಡದಲ್ಲಿ ಮೌನವಾಗಿರುವ ಅಣಬೆಯನ್ನೂ ಮರೆಯದಿರೋಣ.