ರೈಲುದಾರಿಯ ಮಾತುಗಳು

ಒಂದೇ ಅರ್ಥವನ್ನು ಒಂದೇ ಬಗೆಯಲ್ಲಿ ಹೇಳುವ ಎರಡು ಪದಗಳು ಒಂದು ಭಾಷೆಯಲ್ಲಿ ಬಹುಕಾಲ ಬಾಳುವುದು ಅಪರೂಪ. ಎರಡೂ ಉಳಿದಿದ್ದರೆ ಅವು ತಮ್ಮೊಳಗೆ ಕೆಲಸವನ್ನು ಹಂಚಿಕೊಂಡಿವೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ‘ಅನ್ನ’ವೂ ‘ಕೂಳೂ’ ಒಂದೇ ಪದಾರ್ಥವನ್ನು ಹೇಳುತ್ತವೆ. ಆದರೂ ಮನೆಗೆ ಬಂದ ಅತಿಥಿಯನ್ನು ‘ಕೂಳು ತಿನ್ನಲು ಏಳಿ’ ಎಂದು ಯಾರೂ ಕರೆಯುವುದಿಲ್ಲ. ನಿಘಂಟು ಪದದ ಅರ್ಥವನ್ನು ಹೇಳುತ್ತದೆ. ಅದರ ಮರ್ಯಾದೆಯನ್ನೂ ಎಲ್ಲೆಯನ್ನೂ ಹೇಳುವುದು ಬಳಕೆ.

ಇಂಗ್ಲಿಷ್ ಭಾಷೆಗೂ ಈ ಮಾತು ಸಲ್ಲುತ್ತದೆ. ಒಂದು ಕನ್ನಡ ಪದಕ್ಕೆ ಮೂರು ನಾಲ್ಕು ಇಂಗ್ಲಿಷ್ ಪದಗಳು ಎದುರಾದಾಗ, ಎಲ್ಲವೂ ಒಂದೇ ಎಂದು ಭಾವಿಸಿ ಕೈಗೆ ಸಿಕ್ಕಿದ್ದನ್ನು ಬಳಸುವ ವಿದ್ಯಾರ್ಥಿಗಳು ಹಲವರು. ಈ ಪದಗಳ ಭೇದವನ್ನು ಅರಿಯಲು ದೊಡ್ಡ ಗ್ರಂಥಗಳೇ ಬೇಕೆಂದಿಲ್ಲ. ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ರೈಲು ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ನೋಡಿದರೆ ಸಾಕು.

ಅಲ್ಲಿಯ ಹೆಸರುಹಲಗೆಯನ್ನೇ ಮೊದಲು ಗಮನಿಸೋಣ. ಊರಿನ ಹೆಸರಿನ ಜೊತೆಗೆ ‘ಜಂಕ್ಷನ್’ ಎಂಬ ಪದವಿದೆ. ಗಾಡಿ ನಿಲ್ಲುವ ಸ್ಥಳವನ್ನೆಲ್ಲ ನಾವು ‘ನಿಲ್ದಾಣ’ ಎಂದುಬಿಡುತ್ತೇವೆ. ರೈಲ್ವೆಯ ಭಾಷೆ ಅಷ್ಟಕ್ಕೆ ತೃಪ್ತಿಪಡದು. ಪ್ರಯಾಣಿಕರು ಹತ್ತಿ ಇಳಿಯಲೆಂದಷ್ಟೇ ಗಾಡಿ ನಿಲ್ಲುವ ಚಿಕ್ಕ ತಾಣ ‘ಹಾಲ್ಟ್’. ಎಲ್ಲಕ್ಕೂ ಸಲ್ಲುವ ಸಾಮಾನ್ಯ ಪದ ‘ಸ್ಟೇಷನ್’. ಮೂರು ಅಥವಾ ಹೆಚ್ಚು ದಿಕ್ಕುಗಳ ಹಳಿಗಳು ಕೂಡುವ ಸ್ಟೇಷನ್ನು ‘ಜಂಕ್ಷನ್’. ಬೆಂಗಳೂರು-ಹುಬ್ಬಳ್ಳಿ ದಾರಿಯಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳತ್ತ ಒಂದು ಕವಲು ಇಲ್ಲಿ ಒಡೆಯುವುದರಿಂದ ಚಿಕ್ಕಜಾಜೂರಿಗೆ ಆ ಹೆಸರು ಸಂದಿದೆ. ದಾರಿ ಮುಗಿಯುವ ಸ್ಟೇಷನ್ನು ‘ಟರ್ಮಿನಸ್’. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಇದಕ್ಕೆ ನಿದರ್ಶನ. ಚಿಕ್ಕಜಾಜೂರಿಗಿಂತ ದಾವಣಗೆರೆ ಎಷ್ಟೋ ಪಾಲು ದೊಡ್ಡ ಊರು. ಆದರೂ ಅದು ಜಂಕ್ಷನ್ ಅಲ್ಲ. ಪದವು ಊರಿನ ಗಾತ್ರವನ್ನು ಹೇಳುತ್ತಿಲ್ಲ, ಹಳಿಗಳ ಸಂಬಂಧವನ್ನು ಹೇಳುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ದಾರಿಯಲ್ಲಿ ಬೀರೂರಿನ ಕಡೆಗೆ ಹೋದರೆ ‘ಹೊಸದುರ್ಗ ರೋಡ್’ ಎಂಬ ಸ್ಟೇಷನ್ನು ಸಿಗುತ್ತದೆ. ‘ಹೊಸದುರ್ಗ’ ಎಂಬಷ್ಟನ್ನೇ ಓದಿ ಇಳಿದ ಹೊಸಬನು ಸುತ್ತಮುತ್ತ ಪೇಟೆಯನ್ನು ಹುಡುಕಿ ನಿರಾಶನಾಗಬೇಕಾದೀತು. ರೈಲ್ವೆಯವರು ಊರಿನ ಹೆಸರಿನ ಮುಂದೆ ‘ರೋಡ್’ ಎಂದು ಸೇರಿಸಿದರೆ, ಸಾಮಾನ್ಯವಾಗಿ ಊರು ಅಲ್ಲಿಲ್ಲ, ಅಲ್ಲಿಂದ ಊರಿಗೆ ದಾರಿಯಿದೆ ಎಂದರ್ಥ. ಎರಡಕ್ಷರದ ಆ ಪದವನ್ನು ಅಲಕ್ಷಿಸಿದವನಿಗೆ ರಾತ್ರಿಯ ವೇಳೆಯಲ್ಲಿ ಆಗುವ ತೊಂದರೆ ಸಣ್ಣದಲ್ಲ.

ಇನ್ನು ಪ್ರಯಾಣವನ್ನು ಸೂಚಿಸುವ ಪದಗಳು. ‘ಟ್ರಾವೆಲ್’ ಎಂಬುದು ಸಂಚರಿಸುವ ಕ್ರಿಯೆಗೆ ಸಾಮಾನ್ಯ ಹೆಸರು. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದು ‘ಜರ್ನಿ’. ಒಂದು ಉದ್ದೇಶಕ್ಕಾಗಿ ಹೋಗಿ ಹಿಂದಿರುಗುವುದು ಬಹುಮಟ್ಟಿಗೆ ‘ಟ್ರಿಪ್’. ‘ವಾಯೇಜ್’ ಎಂಬುದು ದೀರ್ಘವಾದ ಯಾನ, ವಿಶೇಷವಾಗಿ ಸಮುದ್ರದ ಮೇಲಿನದು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ‘ವಾಯೇಜ್’ ಹೊರಟೆನೆಂದು ಬರೆದರೆ ಓದಿದವರು ನಗುತ್ತಾರೆ. ನಮ್ಮ ಭಾಷೆಯಲ್ಲಿಯೂ ಇಂಥ ವಿವೇಕವಿದೆ. ನಂಟರ ಮನೆಗೆ ‘ಪ್ರಯಾಣ’, ಕೋಟೆ ನೋಡಲು ‘ಪ್ರವಾಸ’, ಪುಣ್ಯಕ್ಷೇತ್ರಕ್ಕೆ ‘ಯಾತ್ರೆ’. ತನ್ನ ಭಾಷೆಯ ಈ ಭೇದಗಳನ್ನು ಬಲ್ಲವನಿಗೆ ಪರಭಾಷೆಯ ಭೇದಗಳು ಬೇಗ ಹೊಳೆಯುತ್ತವೆ.

ಹಣದ ವಿಷಯಕ್ಕೆ ಬರೋಣ. ‘ಬಸ್ ಚಾರ್ಜು ಎಷ್ಟು?’ ಎಂದು ಕೇಳುವುದು ನಮ್ಮಲ್ಲಿ ರೂಢಿ. ಇಂಗ್ಲಿಷಿನಲ್ಲಿ ಪ್ರಯಾಣಕ್ಕೆ ಕೊಡುವುದು ‘ಫೇರ್’. ವೈದ್ಯರಿಗೋ ಶಾಲೆಗೋ ಸಲ್ಲುವುದು ‘ಫೀ’. ಯಾವುದೇ ಸೇವೆಗೆ ಕೇಳುವ ಹಣ ‘ಚಾರ್ಜ್’. ತಪ್ಪಿಗೆ ತೆರುವ ದಂಡ ‘ಫೈನ್’. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನು ಫೇರಿನ ಜೊತೆಗೆ ಹೆಚ್ಚುವರಿ ಚಾರ್ಜನ್ನೂ ತೆರಬೇಕಾಗುತ್ತದೆ. ಆಗ ರಶೀದಿಯ ಮೇಲಿನ ಈ ಪದಗಳ ವ್ಯತ್ಯಾಸ ಅವನಿಗೆ ಯಾವ ಅಧ್ಯಾಪಕರ ನೆರವೂ ಇಲ್ಲದೆ ಮನದಟ್ಟಾಗುತ್ತದೆ!

ಇವುಗಳಲ್ಲಿ ತಪ್ಪಿದರೆ ನಗೆಪಾಟಲಾಗಬಹುದು, ಹಣವೋ ಹೊತ್ತೋ ನಷ್ಟವಾಗಬಹುದು. ಪದಭೇದದ ಮೇಲೆ ಪ್ರಾಣಗಳೇ ನಿಂತಿರುವ ಸಂದರ್ಭವೂ ಒಂದುಂಟು. ನಾಲ್ಕು ಸೂಚನೆಗಳನ್ನು ಕೊಡುವ ಬಣ್ಣದ ದೀಪದ ಸಿಗ್ನಲ್ಲನ್ನು ನೋಡಿರಿ. ಕೆಂಪು ದೀಪ ನಿಲ್ಲೆಂದು ಹೇಳುತ್ತದೆ. ಹಸಿರು ಮುಂದುವರಿಯೆಂದು ಹೇಳುತ್ತದೆ. ಇವುಗಳ ನಡುವೆ ಹಳದಿಯ ಎರಡು ಸೂಚನೆಗಳಿವೆ. ಒಂದು ಹಳದಿ ದೀಪಕ್ಕೆ ರೈಲ್ವೆಯ ಹೆಸರು ‘ಕಾಷನ್’, ಎರಡು ಹಳದಿ ದೀಪಗಳಿಗೆ ‘ಅಟೆನ್ಷನ್’. ಕನ್ನಡದಲ್ಲಿ ಎರಡನ್ನೂ ‘ಎಚ್ಚರಿಕೆ’ ಎಂದು ಅನುವಾದಿಸಿದರೆ ಮೇಲುನೋಟಕ್ಕೆ ತಪ್ಪಿಲ್ಲ. ಆದರೆ ‘ಕಾಷನ್’ ಎಂದರೆ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲು ಸಿದ್ಧವಾಗಿ ಸಾಗಬೇಕು. ‘ಅಟೆನ್ಷನ್’ ಎಂದರೆ ಮುಂದಿನ ಸಿಗ್ನಲ್ಲನ್ನು ಗೊತ್ತುಪಡಿಸಿದ ಮಿತವೇಗದಲ್ಲಿ ದಾಟಲು ಸಿದ್ಧವಾಗಿ ಸಾಗಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಗಾಡಿಯ ಭಾರವೋ ಅಪಾರ. ಬ್ರೇಕ್ ಹಾಕಿದ ಮೇಲೂ ಅದು ಬಹುದೂರ ಉರುಳಿಯೇ ನಿಲ್ಲುತ್ತದೆ. ಆದುದರಿಂದ ನಿಲ್ಲುವ ಎಚ್ಚರ ಯಾವುದು, ನಿಧಾನಿಸುವ ಎಚ್ಚರ ಯಾವುದು ಎಂಬುದು ಚಾಲಕನಿಗೆ ಮೊದಲೇ ತಿಳಿದಿರಬೇಕು. ಗಾಡಿಯೊಳಗೆ ನಿಶ್ಚಿಂತೆಯಿಂದ ಮಲಗಿರುವ ನೂರಾರು ಜನರ ಯೋಗಕ್ಷೇಮವು ಈ ಎರಡು ಪದಗಳ ನಡುವಣ ಅಂತರವನ್ನು ಅವಲಂಬಿಸಿದೆ.

ವಿದ್ಯಾರ್ಥಿಗಳೇ, ಹೊಸ ಪದವೊಂದು ಎದುರಾದಾಗ ಅದರ ಅರ್ಥವೇನೆಂದು ಕೇಳಿದರೆ ಅರ್ಧ ಕಲಿತಂತಾಯಿತು. ಅದನ್ನು ಎಲ್ಲಿ ಬಳಸಬಾರದು, ಅದರ ನೆರೆಯ ಪದ ಯಾವುದು, ಎರಡರ ನಡುವಣ ಗಡಿ ಎಲ್ಲಿದೆ ಎಂದೂ ಕೇಳಿಕೊಳ್ಳಿರಿ. ತಕ್ಕ ಪದವನ್ನು ಆರಿಸುವುದು ಪಾಂಡಿತ್ಯದ ಪ್ರದರ್ಶನವಲ್ಲ. ಕೇಳುವವನು ದಾರಿ ತಪ್ಪದಂತೆ ನೋಡಿಕೊಳ್ಳುವ ಸೌಜನ್ಯ.

ಅಭ್ಯಾಸ

1. ದಾವಣಗೆರೆ ದೊಡ್ಡ ಊರಾದರೂ ಅದರ ನಿಲ್ದಾಣ ಜಂಕ್ಷನ್ ಅಲ್ಲವೇಕೆ?
2. ‘ಕಾಷನ್’ ಮತ್ತು ‘ಅಟೆನ್ಷನ್’ ಸೂಚನೆಗಳ ವ್ಯತ್ಯಾಸವನ್ನು ವಿವರಿಸಿರಿ.
3. ಪ್ರಯಾಣ, ಪ್ರವಾಸ, ಯಾತ್ರೆ: ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.