ಫೈರ್‌ವಾಲ್ ಸಾಧನದ ಪೋರ್ಟ್‌ಗಳು ಮತ್ತು ಯಂತ್ರಾಂಶ ಭಾಗಗಳು: ಒಂದು ಪಾಠದ ಯೋಜನೆ ಮತ್ತು ಅನುಭವ

ಪೀಠಿಕೆ

ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಯ ಕಂಪ್ಯೂಟರ್ ಅವಧಿಗೆ ನಾನು ಆರಿಸಿಕೊಂಡ ಪಾಠಾಂಶ ಫೈರ್‌ವಾಲ್ ಸಾಧನದ ಭಾಗಗಳು. ಇಂಥ ಪಾಠಾಂಶದಲ್ಲಿ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ, ಒಂದೊಂದರ ಉಪಯೋಗ ಬರೆಸಿ ಮುಗಿಸುವುದು ರೂಢಿ. ಹಾಗೆ ಕಲಿತ ವಿದ್ಯಾರ್ಥಿ ಹೆಸರುಗಳನ್ನು ಒಪ್ಪಿಸಬಲ್ಲ. ಆದರೆ ಆ ಪೆಟ್ಟಿಗೆ ಏನನ್ನು ತಡೆಯುತ್ತದೆ, ಏನನ್ನು ತಡೆಯಲಾರದು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಫೈರ್‌ವಾಲ್ ತನ್ನ ಮೂಲಕ ಹಾದುಹೋಗುವುದನ್ನು ಮಾತ್ರ ಪರಿಶೀಲಿಸಬಲ್ಲದು. ಈ ಒಂದು ಮಾತು ಅರ್ಥವಾಗದಿದ್ದರೆ ಉಳಿದ ಹೆಸರುಗಳಿಂದ ಪ್ರಯೋಜನವಿಲ್ಲ. ಆದ್ದರಿಂದ ಪ್ರತಿ ಪೋರ್ಟ್‌ಗೂ ‘ಇದರ ಹೆಸರೇನು?’ ಎನ್ನುವ ಮೊದಲು ‘ಇದು ಯಾವ ಕಡೆಯದು?’ ಎಂಬ ಪ್ರಶ್ನೆ ಬರುವಂತೆ ಪಾಠವನ್ನು ಯೋಜಿಸಿದೆ.

ಕಲಿಕಾ ಫಲಗಳು

ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು:
1. ಫೈರ್‌ವಾಲ್ ಸಾಧನದ ಹೊರ ಪೋರ್ಟ್‌ಗಳನ್ನು ಗುರುತಿಸಿ, ಯಾವುದು ಯಾವ ಕಡೆಯದೆಂದು ಹೇಳುವರು.
2. ಕೇಬಲ್ ಚುಚ್ಚುವ ಪೋರ್ಟ್‌ಗೂ ಪೋರ್ಟ್ ಸಂಖ್ಯೆಗೂ ಇರುವ ವ್ಯತ್ಯಾಸ ತಿಳಿಸುವರು.
3. ಸಂಸ್ಕಾರಕ, ರ‍್ಯಾಮ್, ಫ್ಲ್ಯಾಶ್ ಮೆಮೊರಿಗಳ ಕೆಲಸ ವಿವರಿಸುವರು.
4. ಕೊಟ್ಟ ಸನ್ನಿವೇಶದಲ್ಲಿ ಸಂಚಾರವು ಫೈರ್‌ವಾಲ್ ಮೂಲಕ ಹೋಗುವುದೋ ಇಲ್ಲವೋ ಎಂದು ನಿರ್ಧರಿಸುವರು.

ಪೂರ್ವಜ್ಞಾನ ಮತ್ತು ಬೋಧನೋಪಕರಣ

ಇಂಟರ್ನೆಟ್, ಕೇಬಲ್, ರ‍್ಯಾಮ್ ಎಂಬ ಪದಗಳು ವಿದ್ಯಾರ್ಥಿಗಳಿಗೆ ಪರಿಚಿತ. ಶಾಲೆಯಲ್ಲಿ ಫೈರ್‌ವಾಲ್ ಸಾಧನವಿರಲಿಲ್ಲ. ಶೂ ಡಬ್ಬಕ್ಕೆ ತೂತು ಕೊರೆದು ಮಾದರಿ ಮಾಡಿಕೊಂಡೆ. ಕೇಬಲ್ ಬದಲಿಗೆ ಕೆಂಪು, ಹಳದಿ, ಹಸಿರು ಉಲ್ಲನ್ ದಾರ. ದತ್ತಾಂಶದ ಬದಲಿಗೆ ಕಾಗದದ ಚೀಟಿಗಳು. ಮಾದರಿ ಕಲ್ಪನೆಯದಾಗಬಾರದೆಂದು ಫೋರ್ಟಿನೆಟ್ ಕಂಪನಿಯ ಫೋರ್ಟಿಗೇಟ್ 60ಎಫ್ ಎಂಬ ಸಣ್ಣ ಸಾಧನವನ್ನು ಅನುಸರಿಸಿದೆ. ಇದು ಮೇಜಿನ ಮೇಲಿಡುವ, ಫ್ಯಾನ್ ಇಲ್ಲದ ಪೆಟ್ಟಿಗೆ. ಇದರಲ್ಲಿ 10 ಆರ್‌ಜೆ-45 ನೆಟ್‌ವರ್ಕ್ ಪೋರ್ಟ್‌ಗಳಿವೆ: 2 ವ್ಯಾನ್, 1 ಡಿಎಂಝೆಡ್, 5 ಒಳ ಪೋರ್ಟ್, ಅದೇ ಕಂಪನಿಯ ಸ್ವಿಚ್ ಜೋಡಿಸಲು 2. ಇವಲ್ಲದೆ ಒಂದು ಕನ್ಸೋಲ್, ಒಂದು ಯುಎಸ್‌ಬಿ.

ಪಾಠದ ಬೆಳವಣಿಗೆ

ಹಂತ 1: ಮನೆಯಿಂದ ಪೆಟ್ಟಿಗೆಗೆ

‘ಮನೆಗೆ ಅಪರಿಚಿತರು ಬಂದರೆ ಎಲ್ಲಿ ಕೂರಿಸುತ್ತೀರಿ?’ ಎಂದು ಕೇಳಿದೆ. ‘ಜಗಲಿ ಮೇಲೆ’ ಎಂದರು. ಬೀದಿ, ಜಗಲಿ, ನಡುಮನೆ ಎಂಬ ಮೂರು ಜಾಗಗಳನ್ನು ಹಲಗೆಯ ಮೇಲೆ ಬರೆದೆ. ಬೀದಿಯೇ ವ್ಯಾನ್, ಅಂದರೆ ಇಂಟರ್ನೆಟ್ ಕಡೆ. ನಡುಮನೆಯೇ ಲ್ಯಾನ್, ಅಂದರೆ ನಮ್ಮ ಕಂಪ್ಯೂಟರ್‌ಗಳಿರುವ ಕಡೆ. ಹೊರಗಿನವರೂ ನೋಡಬೇಕಾದ ಸರ್ವರ್ ಇದ್ದರೆ, ಉದಾಹರಣೆಗೆ ಸಂಸ್ಥೆಯ ಜಾಲತಾಣದ ಸರ್ವರ್, ಅದಕ್ಕೆ ಜಾಗ ಜಗಲಿ. ಅದೇ ಡಿಎಂಝೆಡ್. ಜಗಲಿಯವರೆಗೆ ಬಂದವರು ತಾವಾಗಿ ನಡುಮನೆಗೆ ನುಗ್ಗುವಂತಿಲ್ಲ. ಹಾಗೆಯೇ ಡಿಎಂಝೆಡ್‌ನಲ್ಲಿರುವ ಸರ್ವರ್ ಕೆಟ್ಟವರ ಕೈಸೇರಿದರೂ ಅಲ್ಲಿಂದ ಲ್ಯಾನ್‌ಗೆ ಸಂಪರ್ಕ ಆರಂಭಿಸಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ವ್ಯಾನ್‌ಗೆ ಕೆಂಪು, ಡಿಎಂಝೆಡ್‌ಗೆ ಹಳದಿ, ಲ್ಯಾನ್‌ಗೆ ಹಸಿರು ದಾರವನ್ನು ವಿದ್ಯಾರ್ಥಿಗಳೇ ಕಟ್ಟಿದರು.

ಈ ಹೋಲಿಕೆಗೆ ಮಿತಿ ಇದೆ, ಅದನ್ನೂ ತರಗತಿಯಲ್ಲೇ ಹೇಳಬೇಕು. ಮನೆ ಬಾಗಿಲಲ್ಲಿ ಬರುವವರನ್ನು ಮಾತ್ರ ವಿಚಾರಿಸುತ್ತೇವೆ. ಫೈರ್‌ವಾಲ್ ಹೊರಗೆ ಹೋಗುವುದನ್ನೂ ನೋಡುತ್ತದೆ. ಯಾರು ಹೊರಟರೆಂದು ನೆನಪಿಟ್ಟುಕೊಂಡು ಅವರಿಗೆ ಬರುವ ಉತ್ತರವನ್ನು ಒಳಗೆ ಬಿಡುತ್ತದೆ.

ಹಂತ 2: ಉಳಿದ ಹೊರ ಪೋರ್ಟ್‌ಗಳು

ವ್ಯಾನ್ ಪೋರ್ಟ್ ಎರಡೇಕೆ? ಎರಡು ಇಂಟರ್ನೆಟ್ ಸಂಪರ್ಕಗಳಿದ್ದರೆ ಒಂದು ಕಡಿದಾಗ ಇನ್ನೊಂದರಿಂದ ಕೆಲಸ ನಡೆಸಬಹುದು. ಇಲ್ಲಿ ಹೆಚ್ಚು ಸಮಯ ಬೇಕಾದದ್ದು ಕನ್ಸೋಲ್ ಪೋರ್ಟ್‌ಗೆ. ಈ ಸಾಧನದಲ್ಲಿ ಅದೂ ಆರ್‌ಜೆ-45 ಆಕಾರದ್ದೇ. ಆದರೆ ಅದರಲ್ಲಿ ನೆಟ್‌ವರ್ಕ್ ಸಂಚಾರ ಹರಿಯುವುದಿಲ್ಲ. ಅದು ಸೀರಿಯಲ್ ಸಂಪರ್ಕ. ಸಾಧನಕ್ಕೆ ನೇರವಾಗಿ ಆದೇಶ ಕೊಡಲು, ನೆಟ್‌ವರ್ಕ್ ಮೂಲಕ ಅದನ್ನು ತಲುಪಲಾಗದಿದ್ದಾಗ ಸರಿಪಡಿಸಲು ಬಳಸುತ್ತಾರೆ. ತೂತಿನ ಆಕಾರ ನೋಡಿ ಕೆಲಸ ಊಹಿಸಬಾರದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಹಂತ 3: ಒಂದು ಪದ, ಎರಡು ಅರ್ಥ

ಪ್ರತಿ ಚೀಟಿಯಲ್ಲಿ ‘ಎಲ್ಲಿಂದ, ಎಲ್ಲಿಗೆ, ಪೋರ್ಟ್ ಸಂಖ್ಯೆ’ ಎಂದು ಬರೆದಿದ್ದೆ. ಒಂದು ಚೀಟಿಯಲ್ಲಿ 443 ಇತ್ತು. ‘ಡಬ್ಬದಲ್ಲಿ 443ನೇ ತೂತು ತೋರಿಸಿ’ ಎಂದೆ. ಹುಡುಕಿದರು, ಸಿಗಲಿಲ್ಲ. ಆಗ ತಾಲ್ಲೂಕು ಕಚೇರಿಯನ್ನು ನೆನಪಿಸಿದೆ: ಒಳಗೆ ಹೋಗುವ ಬಾಗಿಲು ಒಂದೇ, ಪಹಣಿಗೆ ಒಂದು ಕೌಂಟರ್, ಆದಾಯ ಪ್ರಮಾಣಪತ್ರಕ್ಕೆ ಇನ್ನೊಂದು. ಕೇಬಲ್ ಚುಚ್ಚುವ ಪೋರ್ಟ್ ಬಾಗಿಲು, ಪೋರ್ಟ್ ಸಂಖ್ಯೆ ಕೌಂಟರ್. ಸಾಮಾನ್ಯ ಜಾಲತಾಣಕ್ಕೆ 80, ಸುರಕ್ಷಿತ ಜಾಲತಾಣಕ್ಕೆ 443, ಜಾಲತಾಣದ ಹೆಸರಿಗೆ ವಿಳಾಸ ಹುಡುಕಲು 53. ಈ ಸಂಖ್ಯೆಗಳು 0ಯಿಂದ 65,535ರವರೆಗೆ ಇವೆ, ಏಕೆಂದರೆ ಅವುಗಳಿಗೆ ಮೀಸಲಾದ ಜಾಗ 16 ಬಿಟ್. ಗಣಿತದಲ್ಲಿ ಘಾತಾಂಕ ಕಲಿತಿರುವ ವಿದ್ಯಾರ್ಥಿಗಳಿಗೆ 2ರ ಘಾತ 16 ಎಷ್ಟೆಂದು ಲೆಕ್ಕ ಹಾಕಲು ಇದು ಸಹಜ ಸಂದರ್ಭ.

ಹಂತ 4: ಪೆಟ್ಟಿಗೆಯ ಒಳಗೆ

ಫ್ಲ್ಯಾಶ್ ಮೆಮೊರಿಯಲ್ಲಿ ಕಾರ್ಯಾಚರಣಾ ವ್ಯವಸ್ಥೆಯೂ ನಿಯಮಗಳೂ ಇರುತ್ತವೆ. ಕರೆಂಟು ಹೋದರೂ ಅವು ಅಳಿಯುವುದಿಲ್ಲ. ಸದ್ಯ ನಡೆಯುತ್ತಿರುವ ಸಂಪರ್ಕಗಳ ಪಟ್ಟಿ ರ‍್ಯಾಮ್‌ನಲ್ಲಿರುತ್ತದೆ, ಕರೆಂಟು ಹೋದರೆ ಅದು ಹೋಗುತ್ತದೆ. ಹಂತ 1ರಲ್ಲಿ ಹೇಳಿದ ‘ನೆನಪು’ ಇದೇ. 60ಎಫ್ ಸಾಧನ ಹೀಗೆ ಒಮ್ಮೆಗೆ 7 ಲಕ್ಷ ಸಂಪರ್ಕಗಳನ್ನು ನೆನಪಿಡಬಲ್ಲದು ಎಂದು ತಯಾರಕರ ವಿವರಪಟ್ಟಿ ಹೇಳುತ್ತದೆ.

ಸಂಸ್ಕಾರಕದ ಕೆಲಸವನ್ನು ಅದೇ ಪಟ್ಟಿಯ ಎರಡು ಅಂಕಿಗಳಿಂದ ತೋರಿಸಿದೆ. ಚೀಟಿಯ ಮೇಲಿನ ವಿಳಾಸ ಮತ್ತು ಪೋರ್ಟ್ ಸಂಖ್ಯೆ ನೋಡಿ ಬಿಡುವುದಾದರೆ ಸೆಕೆಂಡಿಗೆ 10 ಗಿಗಾಬಿಟ್‌ವರೆಗೆ ನಿಭಾಯಿಸುತ್ತದೆ. ಚೀಟಿ ಬಿಚ್ಚಿ ಒಳಗಿನ ವಿಷಯದಲ್ಲಿ ಅಪಾಯ ಹುಡುಕಬೇಕಾದರೆ ಅದು 700 ಮೆಗಾಬಿಟ್‌ಗೆ ಇಳಿಯುತ್ತದೆ. ಅಂದರೆ ಹದಿನಾಲ್ಕು ಪಟ್ಟಿಗೂ ಹೆಚ್ಚು ಕಡಿಮೆ. ಇಬ್ಬರು ವಿದ್ಯಾರ್ಥಿಗಳಿಗೆ ಚೀಟಿಗಳ ಕಟ್ಟು ಕೊಟ್ಟು, ಒಬ್ಬರಿಗೆ ವಿಳಾಸ ಮಾತ್ರ, ಇನ್ನೊಬ್ಬರಿಗೆ ಒಳಗಿನ ವಾಕ್ಯವನ್ನೂ ಓದಲು ಹೇಳಿದೆ. ಪರಿಶೀಲನೆ ಆಳವಾದಷ್ಟೂ ಸಂಸ್ಕಾರಕದ ಮೇಲಿನ ಹೊರೆ ಹೆಚ್ಚೆಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಹಂತ 5: ಅನ್ವಯ

ಒಬ್ಬ ವಿದ್ಯಾರ್ಥಿ ಫೈರ್‌ವಾಲ್ ಆದ. ಅವನ ಕೈಗೆ ನಿಯಮಪಟ್ಟಿ ಕೊಟ್ಟೆ. ಮೇಲಿನಿಂದ ಕೆಳಗೆ ಓದಬೇಕು. ಯಾವ ನಿಯಮಕ್ಕೂ ಹೊಂದದ ಚೀಟಿಯನ್ನು ತಡೆಯಬೇಕು. ನಂತರ ಕೇಳಿದೆ: ‘ಒಳ ಪೋರ್ಟ್ 1ರಲ್ಲೂ 3ರಲ್ಲೂ ಇರುವ ಕಂಪ್ಯೂಟರ್‌ಗಳು ಪರಸ್ಪರ ಚೀಟಿ ಕಳಿಸಿದರೆ?’ ಈ ಪೋರ್ಟ್‌ಗಳು ಆರಂಭದಲ್ಲಿ ಒಂದೇ ಸ್ವಿಚ್‌ನಂತೆ ಸೇರಿಕೊಂಡಿರುವುದರಿಂದ ಆ ಚೀಟಿ ನಿಯಮಪಟ್ಟಿಯವರೆಗೆ ಬರುವುದೇ ಇಲ್ಲ. ಪೆನ್‌ಡ್ರೈವ್‌ನಿಂದ ಒಂದು ಕಂಪ್ಯೂಟರ್‌ಗೆ ಬಂದ ವೈರಸ್ ಪಕ್ಕದ ಕಂಪ್ಯೂಟರ್‌ಗೆ ಹರಡುವುದು ಹೀಗೆ.

ಆಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: ‘ಮಿಸ್, ಲ್ಯಾಬ್ ಕಂಪ್ಯೂಟರ್‌ಗೆ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟರೆ ಫೈರ್‌ವಾಲ್ ಏನು ಮಾಡುತ್ತೆ?’ ನಾನು ಉತ್ತರಿಸುವ ಮೊದಲೇ ಇನ್ನೊಬ್ಬ ಹುಡುಗಿ ಹೇಳಿದಳು: ‘ಏನೂ ಮಾಡಲ್ಲ, ಅದು ಹಿತ್ತಿಲ ಬಾಗಿಲು.’ ಡಬ್ಬಕ್ಕೆ ತಾಗದಂತೆ ಒಂದು ದಾರ ಎಳೆದು ಅದನ್ನೇ ತೋರಿಸಿದೆ. ಆ ದಾರದಲ್ಲಿ ಬರುವ ಚೀಟಿ ಫೈರ್‌ವಾಲ್‌ನ ಕೈಗೆ ಸಿಗುವುದಿಲ್ಲ.

ಮೌಲ್ಯಮಾಪನ

ನಾಲ್ಕು ಸನ್ನಿವೇಶ ಕೊಟ್ಟು ‘ಹಾದುಹೋಗುತ್ತದೆ / ಹೋಗುವುದಿಲ್ಲ’ ಎಂದು ಕಾರಣ ಸಹಿತ ಬರೆಸಿದೆ: ಲ್ಯಾಬ್‌ನಿಂದ ಜಾಲತಾಣ ನೋಡುವುದು, ಪೆನ್‌ಡ್ರೈವ್‌ನಿಂದ ಕಡತ ನಕಲಿಸುವುದು, ಹೊರಗಿನವರು ಡಿಎಂಝೆಡ್ ಸರ್ವರ್ ನೋಡುವುದು, ಹಾಟ್‌ಸ್ಪಾಟ್ ಬಳಸುವುದು. ಹೆಚ್ಚಿನವರು ಸರಿಯಾದ ಕಾರಣ ಕೊಟ್ಟರು. ಪೋರ್ಟ್‌ನ ಎರಡು ಅರ್ಥಗಳನ್ನು ಬರೆಯುವಲ್ಲಿ ಕೆಲವರಿಗೆ ಇನ್ನೂ ಗೊಂದಲವಿದೆ. ಅದಕ್ಕೆ ಮುಂದಿನ ಅವಧಿಯಲ್ಲಿ ಪುನರ್ಬಲನ ಬೇಕು.

ವೀಕ್ಷಣಾ ಚರ್ಚೆ

ಪಾಠದ ನಂತರ ಸಹಪಾಠಿ ವೀಕ್ಷಕರೊಬ್ಬರು ಎತ್ತಿದ ಆಕ್ಷೇಪ ಗಂಭೀರವಾದುದು: ಹಿತ್ತಿಲ ಬಾಗಿಲನ್ನು ತೋರಿಸಿದರೆ ತಪ್ಪಿಸಿಕೊಳ್ಳುವ ದಾರಿಯನ್ನು ನಾವೇ ಕಲಿಸಿದಂತಲ್ಲವೇ? ಮಕ್ಕಳ ಕೈಗೆ ಹಾಟ್‌ಸ್ಪಾಟ್ ಸಿಗುವುದು ನಮ್ಮ ಪಾಠದಿಂದಲ್ಲ, ಮನೆಯ ಮೊಬೈಲಿನಿಂದ. ‘ಫೈರ್‌ವಾಲ್ ಇದೆ, ಆದ್ದರಿಂದ ಸುರಕ್ಷಿತ’ ಎಂಬ ನಂಬಿಕೆಯೊಂದಿಗೆ ಹಾಟ್‌ಸ್ಪಾಟ್ ಬಳಸುವ ವಿದ್ಯಾರ್ಥಿಯೇ ಹೆಚ್ಚು ಅಪಾಯದಲ್ಲಿರುತ್ತಾನೆ. ರಕ್ಷಣೆ ಎಲ್ಲಿ ಮುಗಿಯುತ್ತದೆಂದು ತಿಳಿದವನು ಅಲ್ಲಿಂದಾಚೆ ತಾನೇ ಎಚ್ಚರ ವಹಿಸಬೇಕೆಂಬುದನ್ನೂ ತಿಳಿಯುತ್ತಾನೆ. ಆದರೆ ಆಕ್ಷೇಪದ ಒಂದು ಭಾಗವನ್ನು ಒಪ್ಪುತ್ತೇನೆ: ಹಾಟ್‌ಸ್ಪಾಟ್‌ನ ವಿಷಯ ಬಂದಾಗ ಲ್ಯಾಬ್‌ನ ನಿಯಮ ಏಕಿದೆ ಎಂಬ ಚರ್ಚೆಯೂ ಅದೇ ಅವಧಿಯಲ್ಲಿ ನಡೆಯಬೇಕು. ಅದಕ್ಕೆ ಐದು ನಿಮಿಷ ಮೀಸಲಿಡಿ.

ಈ ಪಾಠ ಮಾಡುವವರಿಗೆ ಇನ್ನೆರಡು ಸಲಹೆಗಳು. ಹಂತ 3 ಮತ್ತು 4ನ್ನು ಒಂದೇ ಅವಧಿಯಲ್ಲಿ ತುರುಕಬೇಡಿ, ಎರಡು ಅವಧಿ ಇಟ್ಟುಕೊಳ್ಳಿ. ಡಬ್ಬದ ತೂತುಗಳಿಗೆ ಹೆಸರಿನ ಚೀಟಿಗಳನ್ನು ಮೊದಲೇ ಅಂಟಿಸಬೇಡಿ. ದಾರ ಕಟ್ಟಿದ ಮೇಲೆ ವಿದ್ಯಾರ್ಥಿಗಳೇ ಅಂಟಿಸಲಿ.